ಉಸಾಮಿ ಮನೆಯ ಸಾಕುತಾಯಿ ಹಕ್ಕಿಗಳು

ಹಕ್ಕಿ ಕೈಗೆ ಬಂದರೆ ಉಸಾಮಿ ಫುಮಿಯೆ ಮೊದಲು ಅದನ್ನು ಕಿವಿಗೆ ಹಿಡಿಯುತ್ತಿದ್ದಳು. ಉಸಿರಿನ ಜೊತೆ ಟಿಕ್ ಟಿಕ್ ಎಂದು ಸಣ್ಣ ಸದ್ದು ಬಂದರೆ ಎದೆಯೊಳಗೆ ನುಸಿ ಸೇರಿದೆ ಎಂದು ಅರ್ಥ. ಆಮೇಲೆ ಅಂಗಾತ ಮಲಗಿಸಿ ಎದೆಯ ಗರಿಗಳನ್ನು ಬಾಯಿಂದ ಊದಿ ಸರಿಸುವಳು. ನಡುಮೂಳೆ ಚಾಕುವಿನ ಅಂಚಿನಂತೆ ಎದ್ದಿದ್ದರೆ ತಿಂದದ್ದು ಮೈಗೆ ಹತ್ತುತ್ತಿಲ್ಲ. ಹೊಟ್ಟೆ ಉಬ್ಬಿ ಹೊಳೆಯುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆ. ಕೊಕ್ಕಿನ ಬುಡದಲ್ಲಿ ಸುಣ್ಣದಂಥ ಹುರುಪೆ ಕಂಡರೆ ಅದಕ್ಕೆ ಬೇರೆ ಎಣ್ಣೆ. ಇಷ್ಟೂ ಅರ್ಧ ನಿಮಿಷದ ಕೆಲಸ. ಹಕ್ಕಿಯನ್ನು ಅದಕ್ಕಿಂತ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದರೆ ರೋಗಕ್ಕಿಂತ ಮುಂಚೆ ಹೆದರಿಕೆಯೇ ಅದನ್ನು ಕೊಲ್ಲುತ್ತದೆ.

ಕಿಸೊ ನದಿ ಸಮುದ್ರ ಸೇರುವ ತಗ್ಗು ನೆಲದಲ್ಲಿ ಹೊಂಜಿಮಾ ಎಂಬ ಊರು. ಒಂದಿಷ್ಟು ಜನ ಚಿನ್ನದ ಮೀನು ಸಾಕುತ್ತಿದ್ದರು, ಮೂವತ್ತೆರಡು ಮನೆಯವರು ಹಕ್ಕಿ ಸಾಕುತ್ತಿದ್ದರು. ಪಟ್ಟಣದ ಪಶುವೈದ್ಯ ಹಸು ನಾಯಿಗಳನ್ನು ನೋಡುತ್ತಿದ್ದ. ಹದಿನೈದು ಗ್ರಾಂ ತೂಗುವ ರೋಗಿಯನ್ನು ಅವನ ಮುಂದಿಟ್ಟರೆ ಇನ್ನೊಂದು ತಂದುಕೊಳ್ಳಿ ಎನ್ನುತ್ತಿದ್ದ. ಹಾಗಾಗಿ ಎಲ್ಲರೂ ಫುಮಿಯೆಯ ಬಳಿಗೆ ಬರುತ್ತಿದ್ದರು. ಅವಳಿಗೆ ಇದ್ದದ್ದು ಹೈಸ್ಕೂಲು ಓದು, ಅತ್ತೆಯಿಂದ ಕಲಿತ ಕೈ, ಮತ್ತು ವಿಜ್ಞಾನದ ಮೇಷ್ಟರಾಗಿದ್ದ ಗಂಡ ತೇಯಿಜೋ ಶಾಲೆಯ ಗುಜರಿಯಿಂದ ಎತ್ತಿ ತಂದ ಒಂದು ಸೂಕ್ಷ್ಮದರ್ಶಕ.

ಊರಿನ ಹಕ್ಕಿಗಳಲ್ಲಿ ಬೆಲೆಯದು ಕೊಕಿನ್. ನೇರಳೆ ಎದೆ, ಹಳದಿ ಹೊಟ್ಟೆ, ಹಸಿರು ಬೆನ್ನು. ನೋಡಲು ಚೆಂದ, ಬಾಳುವೆಗೆ ದಂಡ. ತಲೆಮಾರುಗಳಿಂದ ಮನುಷ್ಯರು ಅದರ ಮೊಟ್ಟೆ ಎತ್ತಿ ಬೇರೆಯದರ ಕೆಳಗಿಟ್ಟು ಮರಿ ಮಾಡಿಸಿದ್ದರಿಂದ ಕಾವು ಕೂರುವುದನ್ನೇ ಅದು ಮರೆತಿತ್ತು. ಆ ಬೇರೆಯದು ಜುಶಿಮಾತ್ಸು, ಕಂದು ಬಿಳಿ ಮಚ್ಚೆಯ, ನಮ್ಮ ಮುನಿಯ ಹಕ್ಕಿಯ ಜಾತಿಯದು. ಗೂಡಿನಲ್ಲಿ ಗೋಲಿ ಇಟ್ಟರೂ ಅದರ ಮೇಲೆ ಕೂರುವಷ್ಟು ತಾಯ್ತನ ಅದಕ್ಕೆ. ಅದರಲ್ಲೂ ಉಸಾಮಿ ಮನೆಯ ತಳಿ ಹೆಸರಾದದ್ದು. ನಲವತ್ತು ವರ್ಷ ಅತ್ತೆ, ಆಮೇಲೆ ಸೊಸೆ, ಮರಿಯನ್ನು ಬಿಟ್ಟೆದ್ದ ಹಕ್ಕಿಯನ್ನು ತಳಿಗೆ ಬಿಡದೆ ಆರಿಸಿ ಆರಿಸಿ ಬೆಳೆಸಿದ್ದರು. ಚಳಿಗಾಲದಲ್ಲಿ ಮನೆಮನೆಗೆ ಜೋಡಿಗಳನ್ನು ಎರವಲು ಕೊಡುವುದು, ಮಳೆಗಾಲ ಹಿಡಿಯುವ ಹೊತ್ತಿಗೆ ಹಿಂದಕ್ಕೆ ಪಡೆಯುವುದು ವಾಡಿಕೆಯಾಗಿತ್ತು. ಅತ್ತೆ ತೀರಿಕೊಂಡ ಮೇಲೂ ಊರವರು ಅವನ್ನು ಅಜ್ಜಿಯ ಹಕ್ಕಿ ಎಂದೇ ಕರೆಯುತ್ತಿದ್ದರು.

ಇನ್ನೊಂದು ಕಟ್ಟಳೆಯನ್ನು ಮಾಡಿದವಳು ಫುಮಿಯೆಯೇ. ಹನ್ನೊಂದು ವರ್ಷದ ಹಿಂದೆ ರಕ್ತ ಹೀರುವ ಕೆಂಪು ನುಸಿ ಊರೆಲ್ಲ ಹಬ್ಬಿತ್ತು. ಹಗಲೆಲ್ಲ ಮರದ ಗೂಡುಪೆಟ್ಟಿಗೆಗಳ ಸಂದಿಯಲ್ಲಿ ಅಡಗಿ ಕತ್ತಲಾದ ಮೇಲೆ ಮರಿಗಳ ಮೇಲೆ ಹತ್ತುವ ಜಾತಿ. ಅದನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಒಯ್ದದ್ದು ಜನರ ಅಂಗಿಯ ತೋಳು ಎಂದು ಅವಳು ತೋರಿಸಿಕೊಟ್ಟಳು. ಪೆಟ್ಟಿಗೆಗಳಿಗೆಲ್ಲ ಕುದಿಯುವ ನೀರು ಸುರಿಸಿದಳು, ಹುಲ್ಲಿನ ಗೂಡುಗಳನ್ನು ಸುಡಿಸಿದಳು. ಅಂದಿನಿಂದ ಒಬ್ಬರ ಹಕ್ಕಿಮನೆಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಕಾಯಿಲೆಯಾದರೆ ಹಿಕ್ಕೆಯನ್ನು ಕಾಗದದಲ್ಲಿ ಮಡಚಿ ತಂದು ಉಸಾಮಿ ಮನೆಯ ಗೇಟಿನಲ್ಲಿ ಕೊಡಬೇಕು. ನುಸಿ ಹೋಯಿತು, ಕಟ್ಟಳೆ ಉಳಿಯಿತು.

ಆ ವರ್ಷ ಏಪ್ರಿಲ್ ಮೊದಲ ವಾರದಲ್ಲಿ ಗೇಟಿಗೆ ಬಂದವಳು ಹಿಬಿನೊ ಸುಮಿಕೊ. ಗಂಡ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ. ಹಕ್ಕಿಗಳು ಅವಳ ಸ್ವಂತ ಉದ್ಯೋಗ.

"ಒಬಾಸಾನ್, ಮತ್ತೆ ಐದು ಹೋದ್ವು," ಎಂದು ಸೈಕಲ್ಲಿನಿಂದ ಇಳಿಯದೆಯೇ ಹೇಳಿದಳು. ಊರ ಕಿರಿಯರಿಗೆಲ್ಲ ಫುಮಿಯೆ ಒಬಾಸಾನ್, ಅಂದರೆ ಚಿಕ್ಕಮ್ಮ.

"ಎಷ್ಟು ದಿನದವು?"

"ಆರನೇ ವಾರ. ಗೂಡಿಂದ ಹೊರಗೆ ಬಂದು ತಾವೇ ಕಾಳು ಒಡೀತಿದ್ವು. ಇದ್ದಕ್ಕಿದ್ದ ಹಾಗೆ ಮುದುರಿ ಕೂತ್ವು. ನೀರು ಮಾತ್ರ ಕುಡೀತವೆ, ಕುಡೀತಾನೇ ಇರ್ತವೆ."

"ಹಿಕ್ಕೇಲಿ ಕಾಳು ಇಡಿಯಾಗಿ ಬರತ್ತಾ?"

"ನವಣೆ ಹಾಕಿದ್ದು ಹಾಕಿದ ಹಾಗೇ ಬರತ್ತೆ. ತೊಳೆದು ಮತ್ತೆ ಹಾಕ್ಬಹುದು, ಅಷ್ಟು ಚೊಕ್ಕಟ."

ಫುಮಿಯೆ ಪೊಟ್ಟಣವನ್ನು ಒಳಗೆ ಒಯ್ದು ಹಿಕ್ಕೆಯನ್ನು ನೀರಿನಲ್ಲಿ ಕದಡಿ ಗಾಜಿನ ಮೇಲಿಟ್ಟು ನೋಡಿದಳು. ಹುಳುವಿನ ಮೊಟ್ಟೆ ಇರಲಿಲ್ಲ, ಕರುಳಿನ ಬೇರೆ ರೋಗಾಣುವಿನ ಗುರುತೂ ಇರಲಿಲ್ಲ. ಆದರೂ ಕರುಳಿನ ರೋಗಕ್ಕೆ ಕೊಡುವ ಮದ್ದು ಕೊಟ್ಟು ನೋಡಿದಳು. ದೀಪದ ಕಾವು ಹೇಳಿದಳು, ಇದ್ದಿಲು ಪುಡಿ ಹೇಳಿದಳು. ಏಪ್ರಿಲ್ ಮುಗಿಯುವಷ್ಟರಲ್ಲಿ ಒಂಬತ್ತು ಮನೆಗಳಿಂದ ಪೊಟ್ಟಣ ಬಂದವು. ಎಲ್ಲ ಕಡೆ ಕೊಕಿನ್ ಮರಿಗಳೇ, ಎಲ್ಲ ಕಡೆ ಐದು ಆರನೆಯ ವಾರ. ಅವಳ ಒಂದು ಮದ್ದೂ ನಾಟಲಿಲ್ಲ.

ಮೇ ಮಧ್ಯದಲ್ಲಿ ಹಕ್ಕಿ ಸಾಕುವವರ ಸಂಘದ ಮುಖ್ಯಸ್ಥ ಯೊಕೊಯಿ ಜಿನ್‌ಪೇ ಬಂದ. ಅವನೂ ಗೇಟಿನ ಹೊರಗೇ ನಿಂತ.

"ಉಸಾಮಿ-ಸಾನ್, ಜೂನ್ ಮೊದಲ ಭಾನುವಾರ ಸಭೆ. ಹೇಳೋಕೆ ಕಷ್ಟ, ಆದ್ರೆ ಹೇಳ್ತೀನಿ. ಅಜ್ಜಿ ಹಕ್ಕಿಗಳ ರಕ್ತ ತೆಳ್ಳಗಾಗಿದೆ ಅಂತ ಜನ ಮಾತಾಡ್ತಿದಾರೆ. ಮರಿಗೆ ಸರಿಯಾಗಿ ಗುಟುಕು ಕೊಡೋದಿಲ್ವಂತೆ."

"ಗುಟುಕು ಕೊಡದೆ ಆರು ವಾರ ಬದುಕಿದ್ವಾ?"

"ಅದೂ ಸರಿ. ಆದ್ರೂ ನಾನು ತೊಯೊಹಾಶಿಯಿಂದ ಹೊಸ ಸಾಕುತಾಯಿ ಆರು ಜೋಡಿ ತರಿಸಿದೀನಿ. ಕಾರಣ ಏನು ಅಂತ ನೀವು ಹೇಳದಿದ್ರೆ ಊರಲ್ಲಿ ಇನ್ನು ನಿಮ್ಮ ತಳಿ ಬೇಡ ಅಂತ ತೀರ್ಮಾನ ಆಗತ್ತೆ. ಇರೋವನ್ನೂ ಅಂಗಡಿಗೆ ಕೊಟ್ಟುಬಿಡೋದು."

"ಹದಿನೆಂಟು ದಿನ ಇದೆ," ಎಂದಳು ಫುಮಿಯೆ.

ತೇಯಿಜೋ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವಳು ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂತಾಗ, "ರೋಗಿಗಳ್ನೇ ನೋಡ್ತಾ ಇದೀಯಲ್ಲ, ಆರೋಗ್ಯವಾಗಿರೋದು ಹೇಗಿರತ್ತೆ ಅಂತ ಎಂದಾದ್ರೂ ನೋಡಿದೀಯಾ? ಹೋಲಿಸಿ ನೋಡೋಕೆ ಒಂದು ಇರ್ಬೇಕು ಅಂತ ಏಳನೇ ಕ್ಲಾಸಿನ ಮಕ್ಕಳಿಗೂ ಗೊತ್ತು," ಎಂದ.

"ನಿಮ್ಮ ಏಳನೇ ಕ್ಲಾಸಿನ ಮಕ್ಕಳು ಈ ಮಸೂರ ಕೆರೆದಿಟ್ಟಿದಾರೆ. ಅದಕ್ಕೇ ಏನೂ ಕಾಣಲ್ಲ."

"ಮಸೂರ ಕೆಟ್ಟಿದ್ಯೋ ನೀನು ಕೆಟ್ಟಿದ್ಯೋ ಅದೂ ಗೊತ್ತಾಗತ್ತೆ, ನೋಡು."

ಅವನು ಹೇಳಿದ್ದು ಸರಿಯೆಂದು ಅವಳು ಒಪ್ಪಿಕೊಳ್ಳಲಿಲ್ಲ, ಆದರೆ ಎದ್ದು ಹೋದಳು. ತನ್ನ ಹಕ್ಕಿಮನೆಯ ಅತ್ಯಂತ ಗಟ್ಟಿ ಹಕ್ಕಿಯನ್ನೇ ಹಿಡಿದಳು. ಏಳು ವರ್ಷದ ಹೆಣ್ಣು, ಅರವತ್ತಕ್ಕೂ ಹೆಚ್ಚು ಕೊಕಿನ್ ಮರಿ ಸಾಕಿದ್ದು, ಒಂದು ದಿನವೂ ಮುದುರಿ ಕೂತದ್ದಲ್ಲ. ಅದು ಅಂಗೈಯಲ್ಲೇ ಹಿಕ್ಕೆ ಹಾಕಿತು. ಅದನ್ನೇ ಉಗುರುಬೆಚ್ಚಗಿನ ನೀರಿನ ಒಂದು ಹನಿಯಲ್ಲಿ ಕದಡಿ ಗಾಜಿನ ಮೇಲಿಟ್ಟಳು.

ಗಾಜಿನ ಮೇಲೆ ಸಂತೆ ನೆರೆದಂತಿತ್ತು. ನೀರ ಹನಿಯ ಆಕಾರದ ಸಣ್ಣ ಸಣ್ಣ ಜೀವಗಳು ಒಂದನ್ನೊಂದು ತಳ್ಳಿಕೊಂಡು, ತಿರುಗಿ, ಎಗರಿ ಓಡುತ್ತಿದ್ದವು. ಮಸೂರದಲ್ಲಿ ಏನೂ ಕೆಟ್ಟಿರಲಿಲ್ಲ. ಅಷ್ಟರಲ್ಲಿ ಒಲೆಯ ಮೇಲಿನ ಸಾರು ಉಕ್ಕಿತು. ಅವಳು ಹೋಗಿ ಅದನ್ನು ಇಳಿಸಿ, ಒಲೆ ಒರೆಸಿ, ಗಂಡನನ್ನು ಕರೆದುಕೊಂಡು ಬರುವಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು. ತೇಯಿಜೋ ಕಣ್ಣಿಟ್ಟು ನೋಡಿದ.

"ಇಲ್ಲೇನಿದೆ? ಧೂಳು."

ಅವಳು ನೋಡಿದಳು. ನಿಜಕ್ಕೂ ಧೂಳಿನಂಥ ಚುಕ್ಕೆಗಳು. ಓಟ ನಿಂತಿತ್ತು. ಓಡದಿದ್ದರೆ ಅವು ಕಸದ ನಡುವೆ ಕಸವೇ.

ಅವಳು ಮತ್ತೆ ಮೂರು ಹಕ್ಕಿಗಳನ್ನು ಹಿಡಿದಳು. ಬಿಸಿಯಾಗಿ ನೋಡಿದಾಗ ಮೂರರಲ್ಲೂ ಓಟ, ತಣ್ಣಗಾದ ಮೇಲೆ ಮೂರರಲ್ಲೂ ಧೂಳು. ಗೇಟಿಗೆ ಬಂದ ಪೊಟ್ಟಣಗಳೆಲ್ಲ ಸೈಕಲ್ಲಿನ ಬುಟ್ಟಿಯಲ್ಲಿ ಆರಿಯೇ ಬಂದಿದ್ದವು. ಹನ್ನೊಂದು ವರ್ಷ ಅವಳು ತಾನೇ ಮಾಡಿದ ಕಟ್ಟಳೆಯ ಪ್ರಕಾರ ಸತ್ತುಹೋದ ಸಾಕ್ಷಿಯನ್ನು ತರಿಸಿಕೊಂಡು, ಏನೂ ಇಲ್ಲ ಎಂದು ತೀರ್ಪು ಕೊಟ್ಟಿದ್ದಳು. ಸಾಕುತಾಯಿ ಹಕ್ಕಿಗಳ ಹಿಕ್ಕೆಯನ್ನಂತೂ ಯಾರೂ ತಂದಿರಲಿಲ್ಲ, ಅವಳೂ ಕೇಳಿರಲಿಲ್ಲ. ಚೆನ್ನಾಗಿರುವುದನ್ನು ಯಾರು ತಪಾಸಣೆ ಮಾಡುತ್ತಾರೆ?

ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕವನ್ನು ಹತ್ತಿಯ ಹೊದಿಕೆಯಲ್ಲಿ ಸುತ್ತಿ ಕೈಗಾಡಿಯ ಮೇಲಿಟ್ಟುಕೊಂಡು ಸುಮಿಕೊಳ ಮನೆಗೆ ಹೋದಳು.

"ಒಳಗೆ ಬರ್ತೀರಾ?" ಸುಮಿಕೊ ಬಾಗಿಲಿಗೆ ಅಡ್ಡ ನಿಂತಳು. "ಒಬಾಸಾನ್, ಕಟ್ಟಳೆ ನಿಮ್ದೇ ಅಲ್ವಾ?"

"ನಂದೇ. ತಪ್ಪು ಕಟ್ಟಳೆ. ಬಟ್ಟೆ ಕುದಿಸಿದ್ದು ಹಾಕ್ಕೊಂಡು ಬಂದಿದೀನಿ, ದಾರಿ ಬಿಡು."

ಸುಮಿಕೊಳ ಬಳಿ ಅಜ್ಜಿಯ ಹಕ್ಕಿಗಳ ಕೆಳಗೆ ಬೆಳೆದ ಒಂಬತ್ತು ಮರಿಗಳಿದ್ದವು, ನಾಲ್ಕನೆಯ ವಾರ ನಡೆಯುತ್ತಿತ್ತು. ಒಂಬತ್ತರಲ್ಲಿ ಆರು ಮರಿಗಳ ಹಿಕ್ಕೆಯಲ್ಲಿ ಅದೇ ಓಟ. ಸಾಕುತಾಯಿ ತನ್ನ ಗಂಟಲಿನಿಂದ ಗುಟುಕು ಕೊಡುವಾಗ, ತನ್ನ ಹಿಕ್ಕೆ ಬಿದ್ದ ಗೂಡಿನಲ್ಲಿ ಮರಿಯನ್ನು ಬೆಚ್ಚಗಿಡುವಾಗ, ಇದನ್ನೂ ಕೊಡುತ್ತದೆ. ತನ್ನ ಮರಿಗಳಿಗೆ ಕೊಟ್ಟರೆ ಅವು ತಡೆದುಕೊಳ್ಳುತ್ತವೆ. ಕೊಕಿನ್ ಮರಿಗೆ ಆ ಶಕ್ತಿ ಇಲ್ಲ.

ಕ್ಷೌರದಂಗಡಿಯ ಒಬು ಪಂದ್ಯದ ಪಾರಿವಾಳ ಸಾಕುತ್ತಿದ್ದ. ಪಾರಿವಾಳಗಳ ಗಂಟಲಲ್ಲಿ ಇಂಥದೇ ಓಡುವ ಜೀವಿಗಳಿಂದ ಬರುವ ರೋಗಕ್ಕೆ ಅವನು ಬಳಸುವ ಪುಡಿಯನ್ನು ಫುಮಿಯೆ ಕೇಳಿ ತಂದಳು. ಕೊಕಿನ್ ಮರಿ ಪಾರಿವಾಳದ ತೂಕದಲ್ಲಿ ಎಷ್ಟನೆಯ ಒಂದು ಪಾಲು ಎಂದು ತೇಯಿಜೋ ಎರಡು ಸಲ ಲೆಕ್ಕ ಹಾಕಿದ, ಅವಳು ಮೂರನೆಯ ಸಲ ಹಾಕಿದಳು. ಸುಮಿಕೊಳ ಮರಿಗಳಿಗೂ ಅವುಗಳ ಸಾಕುತಾಯಿಗಳಿಗೂ ಕುಡಿಯುವ ನೀರಿನಲ್ಲಿ ಬೆರೆಸಿ ಐದು ದಿನ ಕೊಟ್ಟು, ಎರಡು ದಿನ ಬಿಟ್ಟು, ಮತ್ತೆ ಐದು ದಿನ. ಅಷ್ಟು ದಿನ ಸೊಪ್ಪು ಹಾಕುವಂತಿಲ್ಲ, ಸ್ನಾನದ ನೀರೂ ಇಡುವಂತಿಲ್ಲ. ಬೇರೆ ಕಡೆ ಒದ್ದೆ ಸಿಕ್ಕರೆ ಹಕ್ಕಿ ಮದ್ದಿನ ನೀರನ್ನು ಮುಟ್ಟುವುದಿಲ್ಲ.

ಸಭೆಯ ದಿನ ಸಂಘದ ಕೊಠಡಿಯಲ್ಲಿ ಇಪ್ಪತ್ತಾರು ಜನ ಸೇರಿದ್ದರು. ಫುಮಿಯೆ ಸೂಕ್ಷ್ಮದರ್ಶಕವನ್ನು ಮೇಜಿನ ಮೇಲಿಟ್ಟು, ಚಹಾ ಬರುವುದಕ್ಕೂ ಮೊದಲೇ ಹೇಳಿದಳು.

"ಮರಿಗಳನ್ನ ಕೊಲ್ತಿರೋದು ನನ್ನ ಹಕ್ಕಿಗಳು ಹೊತ್ತಿರೋ ಒಂದು ರೋಗಾಣು. ಅವುಗಳಿಗೆ ಅದರಿಂದ ಏನೂ ಆಗಲ್ಲ. ನನಗೆ ಇಷ್ಟು ದಿನ ಗೊತ್ತಿರ್ಲಿಲ್ಲ."

"ಹಾಗಾದ್ರೆ ಮುಗೀತಲ್ಲ," ಎಂದ ಯೊಕೊಯಿ. "ತೊಯೊಹಾಶಿ ಹಕ್ಕಿ ಇವೆ."

"ಅವನ್ನ ತರಿಸಿ. ಒಂದು ಪಂಜರ ಸಾಕು."

ಪಂಜರ ಬಂತು. ತಳದಲ್ಲಿ ಹೊಸ ಕಾಗದ ಹಾಸಿ ಎಲ್ಲರೂ ಸುತ್ತ ಕೂತರು. ಹಕ್ಕಿಗಳು ಎರಡೂ ಮೂಲೆಗೆ ಒತ್ತಿಕೊಂಡು ಜನರನ್ನೇ ನೋಡುತ್ತಿದ್ದವು.

"ಪ್ರಾಯಕ್ಕೆ ಬಂದ ಇಪ್ಪತ್ತಾರು ಜನ ಒಂದು ಹಕ್ಕಿಯ ಹಿಂಭಾಗ ಕಾಯ್ತಾ ಕೂತಿದೀವಿ," ಎಂದ ಒಬ್ಬ.

"ಮದುವೆ ಸಂಬಂಧ ನೋಡೋಕೆ ಹೋದಾಗಲೂ ನೀನು ಇಷ್ಟು ಗಮನ ಕೊಟ್ಟಿರ್ಲಿಲ್ಲ," ಎಂದಳು ಅವನ ಹೆಂಡತಿ.

"ಕೊಟ್ಟಿದ್ರೆ ಕತೆ ಬೇರೆ ಇರ್ತಿತ್ತು."

"ಸದ್ದು! ಬಿತ್ತು, ಬಿತ್ತು!"

ಫುಮಿಯೆ ಅದನ್ನು ಗಾಜಿಗೆ ಹಾಕಿ, ಒಂದು ಸಲ ನೋಡಿ, ಮೇಜಿನಿಂದ ಸರಿದು ಯೊಕೊಯಿಗೆ ಜಾಗ ಬಿಟ್ಟಳು. ಅವನು ಒಂದು ಕಣ್ಣು ಮುಚ್ಚಿ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ.

"ಓಡಾಡ್ತಿವೆ," ಎಂದ ಕೊನೆಗೆ.

"ಈ ಜಾತಿಯ ಯಾವ ಹಕ್ಕೀಲಾದ್ರೂ ಇರ್ಬಹುದು. ನನ್ನವನ್ನ ಅಂಗಡಿಗೆ ಕೊಟ್ಟು ಅವನ್ನ ಇಟ್ಕೊಂಡ್ರೆ ಹೆಸರು ಬದಲಾಗತ್ತೆ ಅಷ್ಟೆ. ಮೊಟ್ಟೆ ಇಡೋಕೆ ಮುಂಚೆ ಎಲ್ಲ ಸಾಕುತಾಯಿಗಳಿಗೂ ಮದ್ದು ಆಗ್ಬೇಕು. ಆಮೇಲೆ ನಾನು ಮನೆಮನೆಗೆ ಬಂದು ಬಿಸಿಯಾಗೇ ನೋಡ್ತೀನಿ."

"ಈ ವರ್ಷವೇ ಯಾಕೆ ಇಷ್ಟು ಸತ್ವು?" ಹಿಂದಿನಿಂದ ಯಾರೋ ಕೇಳಿದರು.

"ಎಲ್ಲರೂ ಒಂದರ ಹಿಂದೆ ಒಂದು ಮೂರು ಸಲ ಮರಿ ಮಾಡಿಸಿದ್ರಿ. ನಡುವೆ ಗೂಡು ಒಣಗೋಕೆ ಬಿಡ್ಲಿಲ್ಲ. ಮೊದಲೂ ಸಾಯ್ತಿದ್ವು, ಎರಡೋ ಮೂರೋ. ಚಳಿ ಅಂತಿದ್ವಿ."

ತೀರ್ಮಾನ ಅವಳ ಪರವಾಗಿಯೇನೂ ಬರಲಿಲ್ಲ. ತಳಿ ಊರಿನಲ್ಲಿ ಉಳಿಯಬಹುದು, ಆದರೆ ಮುಂದಿನ ವಸಂತದವರೆಗೆ ಅವಳು ಯಾರಿಗೂ ಎರವಲು ಕೊಡಬಾರದು. ಮದ್ದು ಕೊಟ್ಟ ಮೇಲೆ ಅವಳದೇ ಹಕ್ಕಿಮನೆಯಲ್ಲಿ ಒಂದು ಸಂಸಾರ ಕೊಕಿನ್ ಮರಿಗಳು ಮೂರು ತಿಂಗಳು ದಾಟಿ ತೋರಿಸಬೇಕು. ಅವಳು ನ್ಯಾಯವಾಗಿದೆ ಎಂದಳು. ಯೊಕೊಯಿ ತನ್ನ ಆರು ಜೋಡಿಗೂ ಮದ್ದಿನ ಅಳತೆ ಬರೆಸಿಕೊಂಡು ಹೋದ.

ಸುಮಿಕೊಳ ಒಂಬತ್ತರಲ್ಲಿ ಎರಡು ಸತ್ತವು. ಏಳು ಆರನೆಯ ವಾರ ದಾಟಿದವು, ಹತ್ತನೆಯ ವಾರವೂ ದಾಟಿದವು. ಎದೆಯಲ್ಲಿ ಮೊದಲ ನೇರಳೆ ಗರಿ ಮೂಡಿದ ದಿನ ಸುಮಿಕೊ ಫುಮಿಯೆಯನ್ನು ಹಕ್ಕಿಮನೆಗೆ ಕರೆದಳು. ಫುಮಿಯೆ ಒಂದೊಂದನ್ನೇ ಹಿಡಿದು ಎದೆಮೂಳೆಯನ್ನು ಬೆರಳಿನಿಂದ ಸವರಿ ನೋಡಿದಳು. ಎರಡು ಬದಿಯಲ್ಲೂ ಮಾಂಸ ತುಂಬಿತ್ತು.

"ಒಬಾಸಾನ್," ಎಂದಳು ಸುಮಿಕೊ, "ಮೂರು ವರ್ಷದಿಂದ ಸತ್ತ ನನ್ನ ಮರಿಗಳೂ ಇದರಿಂದಾನೇ ಸತ್ವಾ? ನಾನು ಬಾಗಿಲು ಹಾಕ್ಲಿಲ್ಲ, ದೀಪ ಸರಿಯಾಗಿ ಇಡ್ಲಿಲ್ಲ ಅಂತ ನನ್ನನ್ನೇ ಬೈಕೊಂಡಿದ್ದೆ."

"ಹೆಚ್ಚಿನವು ಇದರಿಂದಾನೇ ಇರ್ಬೇಕು."

"ದೀಪ ಸರಿಯಾಗಿಡು ಅಂತ ನೀವೂ ಬೈದಿದ್ರಿ."

"ಬೈದಿದ್ದೆ. ತಪ್ಪು ನಿನ್ನದಲ್ಲ, ನನ್ನದು."

ಫುಮಿಯೆ ಏಳನೆಯ ಹಕ್ಕಿಯನ್ನು ಪಂಜರಕ್ಕೆ ಬಿಟ್ಟು, ಬಾಗಿಲ ಕೊಂಡಿ ಹಾಕಿ, ಮೂರನೆಯ ಪೆಟ್ಟಿಗೆಯ ಹುಲ್ಲು ಒದ್ದೆಯಾಗಿದೆ, ಇವತ್ತೇ ಬದಲಿಸು ಎಂದಳು.