ಹಿತ್ತಾಳೆ ಪಟ್ಟಿಯ ಕಾವಲುಗಾರ

ಥಾರ್ನ್‌ಶಾ ಊರಿನ ಕನ್ಸರ್ವೇಟಿವ್ ಪಕ್ಷದ ಕ್ಲಬ್ಬಿನಲ್ಲಿ, ಕೋಲಿನಿಂದ ಚೆಂಡು ಹೊಡೆದು ಮೇಜಿನ ಬಲೆಗೆ ಬೀಳಿಸುವ ಸ್ನೂಕರ್ ಆಟದ ಕೋಣೆಯ ಹೊಸ್ತಿಲಿಗೆ ಒಂದು ಹಿತ್ತಾಳೆ ಪಟ್ಟಿ ಬಡಿದಿದ್ದರು. ಅದನ್ನು ದಾಟಿ ಹೆಣ್ಣುಜೀವ ಒಳಗೆ ಹೋಗದಂತೆ ಕಾಯಲೆಂದೇ ಭಗವಂತ ಸಿರಿಲ್ ಹೇಡಾಕನನ್ನು ಭೂಮಿಗೆ ಕಳಿಸಿದ್ದ. ಕಳಿಸುವಾಗ ಅವನಿಗೆ ಗಿಡ್ಡ ದೇಹ, ಒಂದು ಪೈಪು, ಎರಡು ನೋಯುವ ಮಂಡಿ ಇಷ್ಟನ್ನೇ ಕೊಟ್ಟಿದ್ದ ಎಂಬುದು ಬೇರೆ ಮಾತು. ಕಂದಕ, ಫಿರಂಗಿ, ಮೊಸಳೆ ಎಲ್ಲ ಇದ್ದ ಕೋಟೆಗಳೇ ಬಿದ್ದುಹೋಗಿವೆ. ಸಿರಿಲನ ಹೊಸ್ತಿಲು ಬಿದ್ದಿರಲಿಲ್ಲ.

ಬಾಗಿಲ ಮೇಲಿನ ಹಲಗೆಯಲ್ಲಿ ಚಿನ್ನದ ಬಣ್ಣದ ಅಕ್ಷರಗಳಿದ್ದವು: ‘ಗುಡಿಸಲೆಂದು ಪೊರಕೆಯೊಡನೆ ಬಂದ ಹೊರತು ಹೆಂಗಸರಿಗೆ ಪ್ರವೇಶವಿಲ್ಲ.’ ಒಳಗೆ ಗೋಡೆಯ ಮೇಲೆ ಎರಡು ಪಟ. ಒಂದು ರಾಣಿಯದು, ಇನ್ನೊಂದು ಪಕ್ಷದ ನಾಯಕಿಯದು. ಆ ಕಾಲಕ್ಕೆ ದೇಶದ ಪ್ರಧಾನಿಯೂ ಆಕೆಯೇ. ಈ ಇಬ್ಬರೂ ಖುದ್ದಾಗಿ ಬಂದಿದ್ದರೆ ಸಿರಿಲ್ ಟೋಪಿ ತೆಗೆದು ಬಗ್ಗಿ ನಮಸ್ಕರಿಸಿ, ಹೊರಗಿನ ಬೆಂಚಿನಲ್ಲಿ ಕೂರಿಸಿ, ಟೀ ತರಿಸಿಕೊಡುತ್ತಿದ್ದ. ಯಾರಾದರೂ ಕೆಣಕಿದರೆ ಅವನ ಉತ್ತರ ಒಂದೇ: “ಪಟ ಬೇರೆ, ಹೆಂಗಸು ಬೇರೆ.”

ರಾಜಕೀಯ ಸಿದ್ಧಾಂತ ಅವನ ಮನೆಗೆ ಬಂದದ್ದು ಪುಸ್ತಕದ ದಾರಿಯಿಂದಲ್ಲ, ಬಿಯರಿನ ದಾರಿಯಿಂದ. ಅವನ ಅಜ್ಜ ನೇಯುತ್ತಿದ್ದ ಗಿರಣಿಯ ಮಾಲೀಕ ಲಿಬರಲ್ ಪಕ್ಷದವನು. ಭಾನುವಾರ ಕುಡಿತ ಪಾಪವೆಂದು ಪ್ರಾರ್ಥನಾ ಮಂದಿರದಲ್ಲಿ ಬೋಧಿಸಿ ಸೋಮವಾರ ಕೂಲಿ ಕಡಿಯುತ್ತಿದ್ದ. ಕನ್ಸರ್ವೇಟಿವರು ಒಂದು ಬಿಯರ್ ಕೊಟ್ಟು, ಆಡಲು ಮೇಜನ್ನೂ ಕೊಟ್ಟರು. ಅಜ್ಜ ಅಂದೇ ಸಿಂಹಾಸನ ಮತ್ತು ಧರ್ಮಪೀಠಗಳ ರಕ್ಷಣೆಗೆ ಸೊಂಟ ಕಟ್ಟಿದ. ಅಪ್ಪ ಹಾಗೆಯೇ, ಸಿರಿಲನೂ ಹಾಗೆಯೇ. ಆಮೇಲೆ ಗಿರಣಿ ಮುಚ್ಚಿತು, ಅದರ ಹೊಗೆಗೊಳವೆಯನ್ನು ಕೆಡವಿದರು, ಟ್ರಾಮಿನ ಕಂಬಿ ಕಿತ್ತರು. ಕೆಲಸ ಕಳೆದುಕೊಂಡ ಸಿರಿಲನಿಗೆ ಕ್ಲಬ್ಬಿನವರು ಬಾಗಿಲ ಬಳಿ ಒಂದು ಕುರ್ಚಿ ಹಾಕಿಕೊಟ್ಟರು. ಹುಟ್ಟೂರಿನಲ್ಲಿ ಅವನ ಕಣ್ಣಿಗೆ ಇದ್ದ ಹಾಗೇ ಇದ್ದದ್ದು ಆ ಹಿತ್ತಾಳೆ ಪಟ್ಟಿಯೊಂದೇ. ದಿನಾ ಬೆಳಿಗ್ಗೆ ಅದನ್ನು ಉಜ್ಜುತ್ತಿದ್ದ.

ಅದೇ ಹೊತ್ತಿಗೆ ಕ್ಲಬ್ಬು ಗುಡಿಸುವ ಅವನ ಹೆಂಡತಿ ಮೇವಿಸ್ ಬರುತ್ತಿದ್ದಳು. ಸಿರಿಲ್ ಮೊದಲು ಪೊರಕೆ ನೋಡುತ್ತಿದ್ದ, ಆಮೇಲೆ ಹೆಂಡತಿಯನ್ನು. ತಲೆಯಾಡಿಸಿದರೆ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಕ್ ಎಂಬ ಸದ್ದು, ಆಮೇಲೆ ಬಲೆಗೆ ಚೆಂಡು ಬಿದ್ದ ಸದ್ದು. ಚೆಂಡುಗಳನ್ನೂ ಒರೆಸಬೇಕಲ್ಲ, ಒರೆಸುವಾಗ ಉರುಳುತ್ತವೆ ಎಂದು ಸಿರಿಲ್ ಆ ಕುರ್ಚಿಯಲ್ಲಿ ಕೂತ ಹೊಸತರಲ್ಲೇ ತೀರ್ಮಾನಿಸಿದ್ದ. ಒಮ್ಮೆ ತೀರ್ಮಾನಿಸಿದ್ದನ್ನು ಮತ್ತೆ ಕೆದಕುವುದು ಅವನ ಪಕ್ಷದ ಪದ್ಧತಿಯಲ್ಲ. ಕೆಲವು ದಿನ ಕೋಣೆ ವಿಪರೀತ ಕೊಳೆಯಾಗಿರುತ್ತಿತ್ತು. ಗುಡಿಸಿ ಮುಗಿಸಲು ಮಧ್ಯಾಹ್ನವಾಗುತ್ತಿತ್ತು.

ಹೀಗಿರುವಾಗ ಆಪತ್ತು ಬಂತು. ಎದುರು ಬೀದಿಯ ಲಿಬರಲ್ ಕ್ಲಬ್ಬಿನ ಜೊತೆ ವರ್ಷಕ್ಕೊಮ್ಮೆ ಬೆಳ್ಳಿ ಗುರಾಣಿಗಾಗಿ ಪಂದ್ಯ. ಸತತ ಮೂರು ವರ್ಷ ಗೆದ್ದವರಿಗೆ ಗುರಾಣಿ ಶಾಶ್ವತವಾಗಿ ಸೇರುತ್ತದೆ. ಲಿಬರಲ್ಲರು ಆಗಲೇ ಎರಡು ವರ್ಷ ಗೆದ್ದಿದ್ದರು. ಪಂದ್ಯದ ಹಿಂದಿನ ದಿನ, ತಂಡದ ನಾಲ್ಕನೆಯವನಾದ ಮಾಂಸದಂಗಡಿಯ ಕ್ಲೆಗ್ ಕುರಿಯ ಬದಲು ತನ್ನ ಹೆಬ್ಬೆರಳನ್ನೇ ಕೊಯ್ದುಕೊಂಡ. ಉಳಿದ ಸದಸ್ಯರಲ್ಲಿ ಕೈ ನಡುಗದವರಿಗೆ ಕಣ್ಣು ಕಾಣುತ್ತಿರಲಿಲ್ಲ.

ತಂಡದ ಉಳಿದ ಮೂವರೇ ಕ್ಲಬ್ಬಿನ ಆಡಳಿತ ಸಮಿತಿ. ಊರಾಚೆ ಜಮೀನಿದ್ದ ಮೇಜರ್ ಥರ್ಲ್‌ಬಿ, ಮನೆ ಮಾರಿಸುವ ದಲ್ಲಾಳಿ ಪಿಲ್ಲಿಂಗ್, ನಿವೃತ್ತ ಮೇಷ್ಟ್ರು ಆಗ್ಡೆನ್. ಮೂವರೂ ಬಾರಿನಲ್ಲಿ ಮಾಂಸದ ಪೈ ತಿನ್ನುತ್ತ ತಲೆ ಕೆಡಿಸಿಕೊಂಡಿದ್ದಾಗ ಸಿರಿಲ್ ಹೋಗಿ ಕೆಮ್ಮಿದ.

“ಒಬ್ರು ಇದಾರೆ, ಸಾಹೇಬ್ರೇ.”

“ಯಾರಯ್ಯ?” ಎಂದರು ಮೇಜರ್.

“ಮೇವಿಸ್.”

“ಕಸ ಗುಡಿಸೋ ಮೇವಿಸ್ಸಾ?”

“ನನ್ನ ಹೆಂಡ್ತಿ ಮೇವಿಸ್ಸು.”

ಫೋರ್ಕುಗಳು ಗಾಳಿಯಲ್ಲೇ ನಿಂತವು. ಮೊದಲು ಇಳಿದದ್ದು ಪಿಲ್ಲಿಂಗನದು. “ಸೇರಿಸ್ಕೊಳ್ರೀ! ಆಟ ಬರುತ್ತೆ ತಾನೆ? ಗಂಡೋ ಹೆಣ್ಣೋ ಗಿಳಿಯೋ, ಮಾರುಕಟ್ಟೆ ಕೇಳಲ್ಲ. ನನ್ನ ಕೇಳಿದ್ರೆ ಆ ಬಾಗಿಲನ್ನೂ ಒಡೆದು ಎರಡು ಜೂಜಿನ ಮಿಷನ್ನು—”

“ಬಾಯ್ಮುಚ್ಚು. ಪಕ್ಷ ಅಂದ್ರೆ ಅಂಗಡಿ ಅಲ್ಲ,” ಎಂದರು ಮೇಜರ್. “ನಮ್ಮನ್ನ ನಂಬ್ಕೊಂಡೋರನ್ನ ನೋಡ್ಕೊಳ್ಳೋದು ನಮ್ಮ ಧರ್ಮ. ಕ್ರಿಸ್‌ಮಸ್ಸಿಗೆ ತಪ್ಪದೆ ಮೇವಿಸ್‌ಗೆ ಒಂದು ಬಾತುಕೋಳಿ ಕಳಿಸ್ತೀನಿ. ಅಂಥೋಳನ್ನ ಲಿಬರಲ್ಲರ ಮುಂದೆ ನಿಲ್ಸೋದೇ? ಪಾಪ, ದಣೀತಾಳೆ.”

“ಬಾತುಕೋಳಿ ಕೊಟ್ಟು ಕೊಟ್ಟೇ ದೇಶ ಹಾಳಾಗಿದ್ದು,” ಎಂದ ಪಿಲ್ಲಿಂಗ್.

ಮೇಷ್ಟ್ರು ಕನ್ನಡಕ ಒರೆಸಿದರು. “ನಿಮ್ಮಿಬ್ರಿಗೂ ಆತುರ. ಆ ನಿಯಮ ಯಾಕಿದೆ ಅಂತ ನಂಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ ಅಂದ್ಮೇಲೆ ಅದರ ಬೇರು ಎಷ್ಟು ಆಳ ಇರ್ಬೇಕು, ಯೋಚ್ನೆ ಮಾಡಿ.”

ಒಂದೇ ಬಣ್ಣದ ಟೈ ಕಟ್ಟಿದ ಈ ಮೂವರಲ್ಲಿ ಪ್ರತಿಯೊಬ್ಬರೂ, ಪಕ್ಷವನ್ನು ಮುಳುಗಿಸುತ್ತಿರುವವರು ಉಳಿದಿಬ್ಬರೇ ಎಂದು ದೃಢವಾಗಿ ನಂಬಿದ್ದರು. ಎದುರು ಬೀದಿಯ ಲಿಬರಲ್ಲರು ಬರೀ ಎದುರಾಳಿಗಳು. ಶತ್ರುಗಳು ಒಂದೇ ಮೇಜಿನಲ್ಲಿ ಪೈ ತಿನ್ನುತ್ತಿದ್ದರು. ಸಿರಿಲ್ ಟೋಪಿ ಹಿಡಿದು ನಿಂತೇ ಇದ್ದ. ಗುರಾಣಿ ಹೋದರೆ ಅಜ್ಜನಿಗೆ ಅವಮಾನ, ನಿಯಮ ಹೋದರೆ ತನ್ನ ಬಾಳಿಗೇ ಅರ್ಥವಿಲ್ಲ.

ಕೊನೆಗೆ ಪರಿಹಾರ ಹೊಳೆದದ್ದು ಮೇಷ್ಟ್ರಿಗೆ. “ಪೊರಕೆ ಹಿಡ್ಕೊಂಡು ಬರ್ಲಿ. ದಿನಾ ಬರೋ ಹಾಗೇ. ಬಂದೋಳು ಗುಡಿಸೋದರ ಜೊತೆಗೆ ಎರಡು ಚೆಂಡು ಹೊಡೆದ್ರೆ ಯಾರು ಬೇಡ ಅಂತಾರೆ?”

ಸೇವಕಿ ಸೇವಕಿಯಾಗಿಯೇ ಉಳಿದಳೆಂದು ಮೇಜರಿಗೆ ಸಮಾಧಾನ. ಗೆಲ್ಲುವ ಸರಕು ಸಿಕ್ಕಿತೆಂದು ಪಿಲ್ಲಿಂಗನಿಗೆ ಖುಷಿ. ಒಂದಕ್ಷರವೂ ಅಳಿಯಲಿಲ್ಲವೆಂದು ಮೇಷ್ಟ್ರಿಗೆ ಹೆಮ್ಮೆ. ಸಿರಿಲ್ ಮಂಡಿನೋವು ಮರೆತು ಮನೆಗೆ ಓಡಿದ.

ಮೇವಿಸ್ ಇಸ್ತ್ರಿ ಹಾಕುತ್ತಿದ್ದಳು. ಎಲ್ಲ ಕೇಳಿ, “ಪೊರಕೆ ಒಂದು ಕೈಲಿ, ಏಪ್ರನ್ ಮೈ ಮೇಲೆ. ಕೋಲನ್ನ ಬಾಲದಲ್ಲಿ ಹಿಡ್ಕೊಳ್ಲಾ?” ಎಂದಳು.

“ಹೊಡೆಯುವಾಗ ಪೊರಕೆ ಪಕ್ಕಕ್ಕಿಡು, ಅಷ್ಟೇ.”

“ನಾನು ಆಡ್ತೀನಿ ಅಂತ ನಿಂಗೆ ಹೇಗೆ ಗೊತ್ತು?”

“ಕರಿ ಚೆಂಡು ಬಿದ್ರೆ ನೀನು ಕೆಮ್ತೀಯ.”

ಇಸ್ತ್ರಿಪೆಟ್ಟಿಗೆ ಒಂದು ಕ್ಷಣ ನಿಂತಿತು. ಅಂಗಿಯ ತೋಳು ಸ್ವಲ್ಪ ಕಂದಿತು. “ಕದ್ದು ಆಡುವಾಗ ಪೊರಕೆ ಹಿಡಿದೆ, ಸಿರಿಲ್. ನಾಕು ಜನದ ಮುಂದೆ ಆಡೋದಾದ್ರೆ ಅದನ್ನ ಮುಟ್ಟಲ್ಲ.”

“ಪೊರಕೆ ಇಲ್ದೆ ನಾನು ಒಳಗೆ ಬಿಡೋಕಾಗಲ್ಲ ಕಣೇ.”

“ಬಿಡಬೇಡ,” ಎಂದು ಅವಳು ಕಾಲರು ತಿರುಗಿಸಿದಳು.

ಶನಿವಾರ ಸಂಜೆ ಲಿಬರಲ್ಲರು ಗುರಾಣಿಯನ್ನು ಹೊಸ ಚೀಲದಲ್ಲಿಟ್ಟುಕೊಂಡು ಬಂದರು, ಹೇಗೂ ವಾಪಸ್ ಒಯ್ಯಬೇಕಲ್ಲ ಎಂಬಂತೆ. ಮೇಷ್ಟ್ರು ಮೊದಲ ಆಟ ಗೆದ್ದರು. ಬಡವರ ಮೇಲಿನ ಕನಿಕರವನ್ನು ಮೇಜರ್ ಎದುರಾಳಿಗೂ ತೋರಿಸಿ ಸೋತರು. ಪಿಲ್ಲಿಂಗ್ ಸೋಲುವವನಂತಿದ್ದು ಹೇಗೋ ಗೆದ್ದ. ಉಳಿದದ್ದು ಮೇವಿಸ್ಸಿನ ಆಟ. ಅವಳು ಸೋತರೆ ಸಮ, ಸಮವಾದರೆ ಗುರಾಣಿ ಹಿಂದಿನ ವರ್ಷ ಗೆದ್ದವರಿಗೆ.

ಮೇವಿಸ್ ಬಂದಳು. ಮದುವೆಗಳಿಗೂ ಶವಸಂಸ್ಕಾರಗಳಿಗೂ ಉಡುವ ಕಡುನೀಲಿ ಉಡುಪು, ಎತ್ತರದ ಹಿಮ್ಮಡಿಯ ಬೂಟು, ಖಾಲಿ ಕೈ. ಹಿತ್ತಾಳೆ ಪಟ್ಟಿಯ ಹೊರಗೇ ನಿಂತಳು.

“ಪೊರಕೆ?” ಎಂದ ಸಿರಿಲ್.

“ಇಲ್ಲ.”

“ಏನ್ರಪ್ಪಾ,” ಎಂದು ಲಿಬರಲ್ಲರ ನಾಯಕ ನಕ್ಕ, “ನಿಮ್ಮ ನಾಯಕಿ ಗೋಡೆ ಮೇಲೆ, ಆಟಗಾರ್ತಿ ಬಾಗಿಲಾಚೆ. ನಾವು ಹೊರಡೋಣ್ವಾ?”

ಸಮಿತಿಯ ಮೂವರೂ ಮೂರು ದಿಕ್ಕು ನೋಡಿದರು. ಸಿರಿಲ್ ಹಲಗೆ ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಹೊರನಡೆದ. ಅಳಲು ಹೋದನೆಂದು ಕೆಲವರು ಭಾವಿಸಿದರು. ಅವನು ಮೆಟ್ಟಿಲ ಕೆಳಗಿನ ಕಪಾಟು ತೆರೆದು, ಪೊರಕೆ ಹೆಗಲಿಗೇರಿಸಿ, ಯುದ್ಧಕ್ಕೆ ಹೊರಟ ಸೈನಿಕನಂತೆ ಬಂದು ಅವಳ ಪಕ್ಕ ನಿಂತ.

“ಪೊರಕೆ ಬಂತು,” ಎಂದು ಇಡೀ ಕೋಣೆಗೆ ಸಾರಿದ. “ನಡಿ.”

ಇಬ್ಬರೂ ಜೊತೆಯಾಗಿ ಪಟ್ಟಿ ದಾಟಿದರು. ಅವಳು ಮೇಜಿನ ಸುತ್ತ ಎಲ್ಲಿಗೆ ಹೋದರೂ, ಪೊರಕೆಯನ್ನು ರಾಜದಂಡದಂತೆ ನೆಟ್ಟಗೆ ಹಿಡಿದು ಎರಡು ಹೆಜ್ಜೆ ಹಿಂದೆ ಅವನು. ನಗಲು ಹೊರಟ ಲಿಬರಲ್ಲರಿಗೆ ಅವನ ಮುಖ ನೋಡಿ ಧೈರ್ಯ ಬರಲಿಲ್ಲ. ಕೊನೆಗೆ ಕರಿ ಚೆಂಡೊಂದೇ ಉಳಿಯಿತು, ಅದನ್ನು ಬೀಳಿಸಿದವರಿಗೆ ಆಟ. ಅದೇ ಹೊತ್ತಿಗೆ ಸಿರಿಲನ ಬೆನ್ನ ಹಿಂದೆ, ಕಾವಲಿಲ್ಲದ ಹೊಸ್ತಿಲಲ್ಲಿ, ಕ್ಲೆಗ್ಗನ ಹೆಂಡತಿಯ ದನಿ ಕೇಳಿಸಿತು: “ಸ್ವಲ್ಪ ಜರುಗ್ರೀ, ನಂಗೆ ಕಾಣ್ತಿಲ್ಲ.” ಅವಳ ಹಿಂದೆ ಬಾರಿನಲ್ಲಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದರು.

ಸಿರಿಲ್ ತಿರುಗಿ ನೋಡಲಿಲ್ಲ. ಟಕ್ ಎಂದಿತು. ಮೇವಿಸ್ ಕೆಮ್ಮಿದಳು.

ನಿಯಮವನ್ನು ಯಾರೂ ತಿದ್ದಲಿಲ್ಲ. ಮೇಷ್ಟ್ರು ಅದರ ಅಕ್ಷರಗಳಿಗೆ ಹೊಸದಾಗಿ ಚಿನ್ನದ ಬಣ್ಣ ಬಳಿಸಿದರು, ಮೇಜರ್ ಎರಡು ಬಾತುಕೋಳಿ ಕಳಿಸಿದರು, ಪಿಲ್ಲಿಂಗ್ ಹೆಂಗಸರಿಗೂ ಚಂದಾ ವಸೂಲಿ ಮಾಡಬೇಕೆಂದ. ಸಾಯುವ ವರ್ಷದವರೆಗೂ, ಮೇವಿಸ್ ಆಡುವಾಗಲೆಲ್ಲ ಸಿರಿಲ್ ಪೊರಕೆ ಹಿಡಿದು ಒಳಗೆ ನಿಲ್ಲುತ್ತಿದ್ದ, ಬಾಗಿಲಿಗೆ ಬೆನ್ನು ಹಾಕಿ. ಮರುದಿನ ಹಿತ್ತಾಳೆ ಪಟ್ಟಿಯ ತುಂಬ ಚೂಪು ಹಿಮ್ಮಡಿಗಳ ಗುರುತುಗಳಿರುತ್ತಿದ್ದವು. ಅವನು ಮಂಡಿಯೂರಿ, ಏನೂ ಕಾಣದವನಂತೆ, ಒಂದೊಂದನ್ನೇ ಉಜ್ಜಿ ಅಳಿಸುತ್ತಿದ್ದ.