ಪ್ರೇಮಕ್ಕ ತಿಕ್ಕಿದ ಮ್ಯಾಗ್ನೆಟ್

ಬೆಳಕು ಹರಿಯುವ ಹೊತ್ತಿಗೆ ನೆಕ್ರಾಜೆಯ ಪ್ರೇಮಾವತಿ ಸೀತಾಂಗೋಳಿಯಲ್ಲಿ ಬಸ್ಸಿಳಿದು, ಪುಟ್ಟದೊಂದು ರಸಾಯನ ಪ್ರಯೋಗಾಲಯದ ಬಾಗಿಲು ತೆರೆಯುತ್ತಾರೆ. ಸಿಂಕಿನ ತುಂಬ ನಿನ್ನೆಯ ಫ್ಲಾಸ್ಕುಗಳು. ಒಂದೊಂದನ್ನೇ ತೊಳೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಒಣಗಲಿಡುತ್ತಾರೆ. ನಡುವೆ ಕೈಹಾಕಿದರೆ ಗದರಿಕೆ ಖಂಡಿತ. ನನಗೂ ಸಿಕ್ಕಿತು. "ಮುಟ್ಟಬೇಡಿ ಮಾರಾಯ್ರೆ, ಈಗಷ್ಟೇ ತೊಳೆದದ್ದು!"

ಮೊದಲು ಇವರು ಬೀಡಿ ಕಟ್ಟುತ್ತಿದ್ದರು. ಆ ಕೆಲಸ ಕಡಿಮೆಯಾದಾಗ ಇಲ್ಲಿಗೆ ಬಂದರು. "ಮದ್ದಿನ ಗಿಡದಲ್ಲಿ ಇರುವಂಥದ್ದನ್ನು ಇಲ್ಲಿ ಮಾಡ್ತಾರಂತೆ. ಮತ್ತೆಂತ ನನಗೆ ಗೊತ್ತಿಲ್ಲ."

ಯುವ ಸಂಶೋಧಕಿ ಸ್ಪಂದನಾಳ ಕೆಲಸ ಅದೇ. ಸಿಂಕೋನಾ ಮರದ ತೊಗಟೆಯ ಕ್ವಿನೈನಿನಂಥ ಔಷಧಗಳಲ್ಲಿ ಪರಮಾಣುಗಳು ಉಂಗುರದಂತೆ ಕೂಡಿರುತ್ತವೆ. ಚಿಟಿಕೆ ಪಲ್ಲೇಡಿಯಂ ಲೋಹ ಹಾಕಿದರೆ ಅವಳ ಫ್ಲಾಸ್ಕಿನಲ್ಲಿ ಪರಮಾಣುಗಳ ಸರಪಳಿ ಬಾಗಿ ಉಂಗುರವಾಗುತ್ತದೆ, ಹಾಕದಿದ್ದರೆ ಆಗಕೂಡದು. ಕಳೆದ ಮಳೆಗಾಲದಲ್ಲಿ ಹಾಕದೆಯೂ ಆಯಿತು! ಮತ್ತೆ ಮಾಡಿದರೂ ಅದೇ. ಹುಡುಗಿ ಸೀಸೆ ಬದಲಾಯಿಸಿ ಕಥೆ ಕಟ್ಟುತ್ತಿದ್ದಾಳೆ ಎಂಬ ಸಂಶಯ ಮುಖ್ಯಸ್ಥ ವೆಂಕಟಕೃಷ್ಣರಿಗೆ ಬಂತು. ಅವಳ ಕೆಲಸಕ್ಕೇ ಕುತ್ತು.

"ಲೋಹ ಎಲ್ಲಿಂದ ಬರ್ತದೆ ಪ್ರೇಮಕ್ಕಾ? ನಾನು ಹಾಕಿದ್ದೆಲ್ಲ ಹೊಸತೇ" ಎಂದು ಸ್ಪಂದನಾ ಸಿಂಕಿನ ಬಳಿ ನಿಂತು ಅತ್ತಳು.

ಪ್ರೇಮಾವತಿಯ ಕಣ್ಣು ಮ್ಯಾಗ್ನೆಟ್ ಡಬ್ಬಿಯತ್ತ ಹೋಯಿತು. ಫ್ಲಾಸ್ಕಿನೊಳಗೆ ಗಿರಗಿರ ತಿರುಗಿ ದ್ರಾವಣ ಕಲಕುವ ಬಿಳಿ ಮ್ಯಾಗ್ನೆಟ್ ತುಂಡುಗಳು ಬಳಸಿ ಬಳಸಿ ಲೋಹ ಹಿಡಿದು ಕಪ್ಪಾದರೆ ಬಿಸಾಡಬೇಕು. ಇವರು ಬಿಸಾಡಿರಲಿಲ್ಲ. ಮಸಿ ಹಿಡಿದ ಪಾತ್ರೆಯನ್ನು ತಿಕ್ಕುವಂತೆ ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿ, ಬೆಳ್ಳಗಾದವನ್ನು ಹೊಸತರ ಡಬ್ಬಿಗೇ ಸೇರಿಸುತ್ತಿದ್ದರು. ಒಳ್ಳೆಯ ಗೃಹಿಣಿ ಮಾತ್ರ ಮಾಡಬಹುದಾದ ತಪ್ಪು.

"ಹೇಳಿದ್ರೆ ನನ್ನ ಕೆಲಸ ಹೋಗ್ತದೆ ಅಂತ ಹೆದರಿಕೆ ಇತ್ತು. ಆದ್ರೆ ಆ ಮಗುವಿಗೆ ಸುಳ್ಳಿ ಅಂತ ಹೆಸರು ಬರುವುದು ಹೇಗೆ ನೋಡುವುದು? ಸಾರ್ ಹತ್ರ ಹೋಗಿ ಹೇಳಿಯೇಬಿಟ್ಟೆ."

ನಿಜವಾದ ಹೊಸ ಮ್ಯಾಗ್ನೆಟ್ ಹಾಕಿ ನೋಡಿದರು. ಲೋಹವಿಲ್ಲದ ಫ್ಲಾಸ್ಕಿನಲ್ಲಿ ಉಂಗುರ ಮೂಡಲಿಲ್ಲ! ತಿಕ್ಕಿದ ಗೀರುಗಳಲ್ಲಿ ಕಣ್ಣಿಗೆ ಕಾಣದಷ್ಟು ಹಳೆಯ ಪಲ್ಲೇಡಿಯಂ ಕುಳಿತಿತ್ತು. ಪ್ರಯೋಗ ಆಗಲಿಲ್ಲವೆಂದು ಎಲ್ಲರೂ ಕುಣಿದಾಡಿದ್ದು ಅಂದೇ ಮೊದಲಿರಬೇಕು. ವೆಂಕಟಕೃಷ್ಣರು ಸ್ಪಂದನಾಳ ಕ್ಷಮೆ ಕೇಳಿದರು. ಪ್ರೇಮಾವತಿಗೆ ಬೈದರು, ಆದರೆ ಕೆಲಸದಿಂದ ತೆಗೆಯಲಿಲ್ಲ. ಕೇಳುತ್ತಿದ್ದ ನನಗೂ ಹೋದ ಜೀವ ಬಂದಂತಾಯಿತು.

ಈಗ ಕಪ್ಪಾದವನ್ನು ಅವರೇ ಕಸಕ್ಕೆ ಹಾಕುತ್ತಾರೆ. "ಬಿಸಾಡುವಾಗ ಹೊಟ್ಟೆ ಉರೀತದೆ, ಸುಳ್ಳು ಯಾಕೆ ಹೇಳಲಿ" ಎಂದು ನಗುತ್ತಾರೆ. "ಆದ್ರೆ ಹೊಸತು ಬೇಕಾದಾಗ ಆ ಮಗು ಡಬ್ಬಿಗೆ ತಾನು ಕೈಹಾಕುವುದಿಲ್ಲ. 'ಪ್ರೇಮಕ್ಕಾ, ನೀವೇ ತೆಗೆದುಕೊಡಿ' ಅಂತಾಳೆ."