ಬ್ಲೋವರ್ ನಿಂತರೆ ಶೈಲಾ ಬೇಕು

ಬೆಳಗಿನ ಆರೂಕಾಲು. ಕಾಡುಗೋಡಿಯ ಹಳೇ ಊರಿನ ಹಿಂಬದಿಯಲ್ಲಿ ಒಂದು ತಗಡಿನ ಶೆಡ್ಡು, ಅದರ ಮುಂದೆ ಬಿಳಿ ಕ್ಯಾಬು. ಜಿಟಿಜಿಟಿ ಮಳೆ ಇನ್ನೂ ನಿಂತಿಲ್ಲ. ಕ್ಯಾಬಿನ ಎಡಗಡೆ ಬಾಗಿಲು ತೆರೆದಿದೆ, ಸೀಟು ಪೂರ್ತಿ ಹಿಂದಕ್ಕೆ ಸರಿದಿದೆ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಮಲಗಿರುವವರು ಶೈಲಾ. ನಲವತ್ತೆರಡು ವರ್ಷ. ಚೂಡಿದಾರದ ಮೇಲೊಂದು ಹಳೆಯ ಖಾಕಿ ಅಂಗಿ, ಹಲ್ಲಿನ ನಡುವೆ ಪುಟ್ಟ ಟಾರ್ಚು.

ಪಕ್ಕದಲ್ಲಿ ಕೊಡೆ ಹಿಡಿದು ನಿಂತಿರುವ ಚಾಲಕ ಚಿಕ್ಕಬೈರಪ್ಪನವರಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. "ಮೋಟ್ರು ಒಸ್ದು ಕಣಮ್ಮಾ. ಎಲ್ಡು ಕಿತ ಬದಲಾಯ್ಸಿದ್ದಾಯ್ತು. ಅತ್ತು ದಿನ ಗಾಳಿ ಬತ್ತದೆ, ಆಮೇಲೆ ಅದೇ ರಾಗ" ಎನ್ನುತ್ತಾರೆ.

ಶೈಲಾ ಟಾರ್ಚನ್ನು ಬಾಯಿಂದ ತೆಗೆದು ಹೇಳುತ್ತಾರೆ: "ಮೋಟರ್ ಮಾತು ಆಮ್ಯಾಲೆ ಅಣ್ಣಾರ. ಕರೆಂಟ್ ಎಲ್ಲೀ ತನಕ ಬಂದೈತಿ, ಮೊದಲು ಅದನ್ನ ನೋಡೂಣು."

ಕಾರಿನ ಎ.ಸಿ. ಎಷ್ಟೇ ಚೆನ್ನಾಗಿರಲಿ, ತಂಪನ್ನು ಒಳಕ್ಕೆ ತಳ್ಳುವುದು ಬ್ಲೋವರ್ ಎಂಬ ಫ್ಯಾನು. ಅದು ನಿಂತರೆ ಬೇಸಿಗೆಯಲ್ಲಿ ಸೆಕೆ, ಅಷ್ಟೇ ತಾನೇ ಎಂದುಕೊಂಡು ಬಂದಿದ್ದೆ. ಚಿಕ್ಕಬೈರಪ್ಪ ತಿದ್ದುತ್ತಾರೆ. ಮಳೆಗಾಲದಲ್ಲಿ ಮುಂದಿನ ಗಾಜಿನ ಮಂಜನ್ನು ಒಣಗಿಸುವುದೂ ಅದೇ ಗಾಳಿ. ನಿನ್ನೆ ಸಂಜೆ ನಾಲ್ವರು ಉದ್ಯೋಗಿಗಳನ್ನು ಕೂರಿಸಿಕೊಂಡು ಐಟಿಪಿಎಲ್ ಟೆಕ್ ಪಾರ್ಕಿನ ಕಡೆಯಿಂದ ಬರುವಾಗ ಗಾಜು ಪೂರ್ತಿ ಬೆಳ್ಳಗಾಗಿತ್ತು. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಒರೆಸುವ ಬಟ್ಟೆ. ಮುಂದೆ ಹೋಗುತ್ತಿದ್ದ ಬೈಕು ಕಂಡಿದ್ದು ಎರಡೇ ಮಾರು ದೂರದಲ್ಲಿ. "ಬೈಕ್ನಾಗೆ ಇಂದುಗಡೆ ಮಗೀನ ಎತ್ಕಂಡು ಒಂದು ಎಣ್ಣುಮಗಳು ಕೂತಿತ್ತು ಸಾ. ಬ್ರೇಕ್ ತುಳ್ದು ಗಾಡಿ ಪಕ್ಕಕ್ಕಾಕಿ, ಗಾಜು ಒರೆಸ್ಕಂಡ್ ಮ್ಯಾಲೇ ಮುಂದಕ್ಕೆ ಬಿಟ್ಟಿದ್ದು" ಎನ್ನುತ್ತಾರೆ. ಇವತ್ತು ಎಂಟು ಗಂಟೆಗೆ ಮತ್ತೆ ಡ್ಯೂಟಿ. ಬ್ಲೋವರ್ ಸರಿಯಾಗದಿದ್ದರೆ ಗಾಡಿ ತರಬೇಡಿ ಎಂದು ಮೇಲಿನವರು ಹೇಳಿದ್ದಾರೆ. ತಾವೂ ತರುವುದಿಲ್ಲ ಎಂದು ಚಿಕ್ಕಬೈರಪ್ಪ ನಿರ್ಧರಿಸಿದ್ದಾರೆ.

ಶೈಲಾ ಅವರ ಮುಖ್ಯ ಆಯುಧ ಒಂದು ಟೆಸ್ಟ್ ಲ್ಯಾಂಪು. ಸ್ಕೂಟರಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಸೇರಿಸಿ ತಾವೇ ಮಾಡಿಕೊಂಡದ್ದು. ಅದನ್ನು ಫ್ಯೂಸಿನ ಎರಡೂ ಬದಿಗೆ ಮುಟ್ಟಿಸುತ್ತಾರೆ, ಎರಡೂ ಕಡೆ ಉರಿಯುತ್ತದೆ. ಫ್ಯೂಸ್ ಸರಿಯಿದೆ. ಬ್ಲೋವರಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್ಚಾದ ರಿಲೇ ಕಿತ್ತು, ಪಕ್ಕದ ಹಾರ್ನಿನ ರಿಲೇಯನ್ನು ಅಲ್ಲಿ ಕೂರಿಸುತ್ತಾರೆ. ಫ್ಯಾನು ಅಲುಗುವುದಿಲ್ಲ. ಹಾಗಾದರೆ ರಿಲೇಯದೂ ತಪ್ಪಿಲ್ಲ. ಕೊನೆಗೆ ಮೋಟರಿನ ಪ್ಲಗ್ಗು ಬಿಚ್ಚಿ ಅದರ ಎರಡು ವೈರುಗಳ ನಡುವೆ ಮೀಟರ್ ಇಡುತ್ತಾರೆ. ಹನ್ನೆರಡು ವೋಲ್ಟ್.

"ನೋಡಮ್ಮಾ, ಕರೆಂಟ್ ಬತ್ತಾ ಅದೆ! ಆ ಗ್ಯಾರೇಜಿನೋರೂ ಇಂಗೇ ಮೀಟ್ರು ತೋರ್ಸಿ ಮೋಟ್ರು ಓಗೈತೆ ಅಂದ್ರು."

ಶೈಲಾ ಮೀಟರ್ ತೆಗೆದು ಅದೇ ಎರಡು ವೈರುಗಳಿಗೆ ಬಲ್ಬು ಮುಟ್ಟಿಸುತ್ತಾರೆ. ಉರಿಯುವುದಿಲ್ಲ. ಬಲ್ಬಿನ ಒಂದು ತುದಿಯನ್ನು ಕಪ್ಪು ವೈರಿನಿಂದ ತೆಗೆದು ಬಾಗಿಲಿನ ಬೋಲ್ಟಿಗೆ ಹಿಡಿಯುತ್ತಾರೆ. ಝಗ್ಗನೆ ಉರಿಯುತ್ತದೆ!

ನನಗೆ ಅರ್ಥವಾಗದ್ದನ್ನು ಕಂಡು ಬಿಡಿಸಿ ಹೇಳುತ್ತಾರೆ: "ಮೀಟರಿಗೆ ಭಾಳ ಕರೆಂಟ್ ಬೇಕಾಗಿಲ್ರೀ. ತುಕ್ಕಿನ್ಯಾಗ ಕೂದಲೆಳಿಯಷ್ಟು ದಾರಿ ಇದ್ರೂ ಹನ್ನೆರಡು ತೋರಸ್ತೈತಿ. ಬಲ್ಬ್ ಹಂಗಲ್ಲ, ಅದು ಉರೀಬೇಕಲ್ಲ? ಬರೋ ದಾರಿ ಚಲೋ ಐತಿ. ಕರೆಂಟ್ ಹೊಳ್ಳಿ ಹೋಗೋ ದಾರಿ ಕಟ್ಟೈತಿ. ಅದು ಈ ಕರೀ ವೈರು." ಆ ಕಪ್ಪು ವೈರಿನ ಬೆನ್ನು ಹತ್ತಿ ಅವರು ಮತ್ತೆ ಕೆಳಗೆ ತೂರುತ್ತಾರೆ.

ವೈರುಗಳ ನಂಟು ಹಳೆಯದು. ಕುಷ್ಟಗಿ ಬಳಿಯ ಹಳ್ಳಿಯಿಂದ ಗಂಡ ಮುತ್ತು ಅವರ ಜೊತೆ ಶೈಲಾ ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಮುತ್ತು ಟೈಲ್ಸ್ ಹಾಕುತ್ತಾರೆ. ಶೈಲಾ ಮೊದಲು ಇಟ್ಟಿಗೆ ಹೊತ್ತರು, ಆಮೇಲೆ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆ ಸೇರಿದರು. ಕಾರಿನ ಒಳಗೆ ಹರಿಯುವ ನೂರಾರು ವೈರುಗಳನ್ನು ಬಣ್ಣ ನೋಡಿ ಜೋಡಿಸಿ, ಟೇಪು ಸುತ್ತಿ, ಜಡೆಯ ಹಾಗೆ ಕಟ್ಟುವ ಕೆಲಸ. ಹನ್ನೊಂದು ವರ್ಷ ನಿಂತೇ ಮಾಡಿದರು. ಒಂದು ಶುಕ್ರವಾರ ಕಾರ್ಖಾನೆಯ ಸಾಮಾನೆಲ್ಲ ಲಾರಿ ಹತ್ತಿ ಬೇರೆ ರಾಜ್ಯಕ್ಕೆ ಹೋಯಿತು. "ನಮ್ಮನ್ನೇನು ಲಾರಿ ಹತ್ತಿಸಲಿಲ್ರಿ" ಎಂದು ನಗುತ್ತಾರೆ.

ಮತ್ತೆ ಇಟ್ಟಿಗೆ ಹೊರಲು ಸೊಂಟ ಒಪ್ಪಲಿಲ್ಲ. ಕೆಲಸ ಹುಡುಕಿಕೊಂಡು ತಿರುಗುತ್ತಿದ್ದ ಒಂದು ದಿನ, ರಸ್ತೆ ಬದಿಯಲ್ಲಿ ನಲ್ಲಪ್ಪ ಎಂಬ ಹಿರಿಯ ಎ.ಸಿ. ಮೆಕ್ಯಾನಿಕ್ ಇಲಿ ಕಡಿದ ವೈರುಗಳ ಗುಂಪನ್ನು ಕೈಯಲ್ಲಿ ಹಿಡಿದು ಕೂತಿದ್ದರು. ನೋಡುತ್ತ ನಿಂತ ಶೈಲಾ, ಹಸಿರು ಪಟ್ಟೆಯ ವೈರು ಯಾವುದಕ್ಕೆ ಸೇರಬೇಕು ಎಂದು ತಡೆಯಲಾರದೆ ಹೇಳಿಬಿಟ್ಟರು. ನಲ್ಲಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿ, ತಮ್ಮ ಸ್ಟೂಲನ್ನೇ ಬಿಟ್ಟುಕೊಟ್ಟರಂತೆ. ಮೂರು ವರ್ಷ ಅವರ ಹತ್ತಿರ ಕಲಿತರು.

ಸ್ವಂತಕ್ಕೆ ಕೂತ ಮೊದಲ ವರ್ಷ ದೊಡ್ಡ ತಪ್ಪೊಂದು ಮಾಡಿದರು. ಶೋಭಾರಾಣಿ ಎಂಬ ಶಿಕ್ಷಕಿಯ ಕಾರಿನಲ್ಲಿ ಬ್ಲೋವರಿನ ಫ್ಯೂಸು ಪದೇ ಪದೇ ಸುಡುತ್ತಿತ್ತು. ಶಾಲೆಗೆ ಹೊತ್ತಾಯಿತು, ಏನಾದರೂ ಮಾಡಿ ಎಂದು ಅವರು ಅವಸರಪಡಿಸಿದರು. ಶೈಲಾ ಮೂವತ್ತು ಆಂಪಿಯರಿನ ಜಾಗದಲ್ಲಿ ನಲವತ್ತರ ಫ್ಯೂಸು ಹಾಕಿ ಕಳಿಸಿದರು. ಆ ಫ್ಯೂಸು ಸುಡಲಿಲ್ಲ, ಅದರ ಬದಲು ವೈರು ಸುಟ್ಟಿತು. ಅರ್ಧ ದಾರಿಯಲ್ಲಿ ಡ್ಯಾಶ್‌ಬೋರ್ಡಿನಿಂದ ಹೊಗೆ ಎದ್ದು ಶಿಕ್ಷಕಿ ಕಾರಿನಿಂದ ಹಾರಿ ಇಳಿದರು. ಪೆಟ್ಟೇನೂ ಆಗಲಿಲ್ಲ.

"ಸುದ್ದಿ ಕೇಳಿ ಅಲ್ಲೀಗೇ ಓಡಿ ಹೋದೆ. ತಪ್ಪು ನಂದೇ ಮೇಡಂ, ದೊಡ್ಡ ಫ್ಯೂಸ್ ಹಾಕಬಾರದಿತ್ತು ಅಂತ ಹೇಳಿದೆ. ಅವ್ರು ಬಯ್ಯಲೇ ಇಲ್ಲ. ಬೈದಿದ್ರ ಸಮಾಧಾನ ಆಗ್ತಿತ್ತೇನೋ." ಮೂರು ದಿನ ಕೂತು ಸುಟ್ಟ ವೈರನ್ನೆಲ್ಲ ಹೊಸದಾಗಿ ಕಟ್ಟಿಕೊಟ್ಟರು. ಫ್ಯಾನಿನಲ್ಲಿ ಸಿಕ್ಕಿಕೊಂಡಿದ್ದ ಒಣ ಎಲೆಗಳೇ ಮೋಟರಿನ ಮೇಲೆ ಹೊರೆ ಹಾಕಿದ್ದವು ಎಂಬುದು ಆಗ ಕಂಡಿತು. ಶೋಭಾರಾಣಿ ಈಗಲೂ ಇಲ್ಲಿಗೇ ಬರುತ್ತಾರೆ. ಅಂದಿನಿಂದ ಕಾರಣ ಸಿಗದೆ ಶೈಲಾ ಯಾವ ಗಾಡಿಯನ್ನೂ ಬಿಡುವುದಿಲ್ಲ. ಅವಸರವಿದ್ದವರಿಗೆ ಆಟೋ ಹಿಡಿದು ಹೋಗಿ ಎನ್ನುತ್ತಾರೆ.

ದಿನಕ್ಕೆ ನಾಲ್ಕೈದು ಗಾಡಿ ಬರುತ್ತವೆ, ಬೇಸಿಗೆಯಲ್ಲಿ ಎಂಟು. ಬ್ಲೋವರ್ ನಿಂತಿದೆ ಎಂದು ಬರುವ ಹತ್ತರಲ್ಲಿ ನಿಜಕ್ಕೂ ಮೋಟರ್ ಹೋಗಿರುವುದು ಎರಡು ಮೂರರಲ್ಲಿ ಮಾತ್ರ ಎಂಬುದು ಶೈಲಾ ಅವರ ಲೆಕ್ಕ. ಶೆಡ್ಡಿನ ಮಾಲೀಕರು ಊರಿನ ಹಳೇ ಒಕ್ಕಲು ಮನೆತನದ ವೆಂಕಟಮ್ಮ. ಅಂಗಳ ಗುಡಿಸುತ್ತಲೇ ಮಾತಿಗೆ ಸೇರುತ್ತಾರೆ: "ಗ್ಯಾರೇಜು ಅಂದ್ರೆ ಬ್ಯಾಡವೇ ಬ್ಯಾಡ ಅಂದಿದ್ದೆ. ಎಣ್ಣೆ ಚೆಲ್ಲಿ, ಟಣಾಟಣಾ ಬಡಿದು ತಲೆ ತಿಂತಾರೆ ಅಂತ. ಈಯಮ್ಮ ನೋಡುದ್ರೆ ಸುತ್ತಿಗೇನೇ ಮುಟ್ಟಾಕಿಲ್ಲ. ಸುಮ್ಕೆ ಕೂತು ಯೋಚ್ನೆ ಮಾಡ್ತಾಳೆ!"

ಅಷ್ಟರಲ್ಲಿ ಕಾರಿನ ಒಳಗಿಂದ "ಸಿಕ್ತು" ಎಂಬ ದನಿ. ಎಡಗಡೆ ಸೀಟಿನವರು ಪಾದ ಇಡುವ ಜಾಗದ ಪಕ್ಕದ ಪ್ಲಾಸ್ಟಿಕ್ ಬಿಚ್ಚಿದ್ದಾರೆ. ಕಪ್ಪು ವೈರು ಕಾರಿನ ಮೈಗೆ ಸೇರುವ ಬೋಲ್ಟು ಹಸಿರುಗಟ್ಟಿ ಪುಡಿಪುಡಿಯಾಗಿದೆ. ಹೊಸ ಮೋಟರ್ ಹಾಕುವಾಗಲೆಲ್ಲ ವೈರು ಅಲುಗಾಡಿ ಹತ್ತು ದಿನ ಹಿಡಿದುಕೊಳ್ಳುತ್ತಿತ್ತು, ಮತ್ತೆ ಬಿಡುತ್ತಿತ್ತು. ಶೈಲಾ ಬೋಲ್ಟನ್ನು ಉಜ್ಜಿ ಹೊಳೆಯಿಸಿ, ವೈರಿಗೆ ಹೊಸ ತುದಿ ಒತ್ತಿ, ಬಿಗಿದು, ರಿಲೇ, ಪ್ಲಗ್ಗುಗಳನ್ನು ಮೊದಲಿನಂತೆ ಕೂರಿಸುತ್ತಾರೆ. ಸ್ವಿಚ್ಚು ತಿರುಗಿಸಿದರೆ ಭರ್ರೆಂದು ಗಾಳಿ!

ಚಿಕ್ಕಬೈರಪ್ಪ ಎರಡೂ ಕೈಯನ್ನು ಗಾಳಿಗೆ ಒಡ್ಡಿ ನಿಲ್ಲುತ್ತಾರೆ. ಹೊರಡಲು ಹೋದವರನ್ನು ಶೈಲಾ ತಡೆಯುತ್ತಾರೆ. "ನಿಲ್ರೀ ಅಣ್ಣಾರ. ಅಲ್ಲಿಗೆ ನೀರು ಹೆಂಗ ಬಂತು?" ನೆಲಹಾಸಿನ ಕೆಳಗೆ ಕೈ ಹಾಕಿದರೆ ಒದ್ದೆ. ಎ.ಸಿ. ನೀರು ಹೊರಹೋಗುವ ಕೊಳವೆಯಲ್ಲಿ ಮಣ್ಣು ತುಂಬಿದೆ, ನೀರು ಒಳಗೇ ಇಳಿಯುತ್ತಿದೆ. ಕೊಳವೆಗೆ ತಂತಿ ತೂರಿಸಿದಾಗ ಕೆಸರು ನೀರು ಅಂಗಳಕ್ಕೆ ಸುರಿಯುತ್ತದೆ. ವೆಂಕಟಮ್ಮ ಪೊರಕೆ ಹಿಡಿದು ಗೊಣಗುತ್ತಾರೆ. ಏಳೂವರೆಗೆ ಕ್ಯಾಬು ಡ್ಯೂಟಿಗೆ ಹೊರಡುತ್ತದೆ.

ಕೈ ತೊಳೆದು ಬಂದ ಶೈಲಾ ಅವರನ್ನು, ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಟಾರ್ಚನ್ನು ಒರೆಸುತ್ತ ಹೇಳುತ್ತಾರೆ. ಕಾರ್ಖಾನೆಯಲ್ಲಿ ಕಟ್ಟಿದ ಪ್ರತಿ ವೈರಿನ ಜಡೆಗೂ ಕಟ್ಟಿದವರ ನಂಬರಿನ ಹಳದಿ ಚೀಟಿ ಅಂಟಿಸುತ್ತಿದ್ದರಂತೆ. ಇವರದು ಮುನ್ನೂರ ಹದಿನೆಂಟು. ಯಾವ ಗಾಡಿ ಬಿಚ್ಚಿದರೂ ಟಾರ್ಚು ಹಿಡಿದು ಆ ಚೀಟಿ ಹುಡುಕುತ್ತಾರೆ.

"ಒಂದು ಸಲ ನೋಡಬೇಕಂತ ಆಸೆ ಐತ್ರಿ. ಆದ್ರ ಸಾವಿರಾರು ಕಟ್ಟೀನಿ, ಇಷ್ಟು ವರ್ಷದಾಗ ಒಂದೂ ಕೆಟ್ಟು ನನ್ನ ಕಡೆ ಬಂದಿಲ್ಲ."